ಸಹವಾಸವೂ ಸಹನೆಯೂ

ಮನುಷ್ಯನು ತಾನು ಕಲಿಯಬೇಕಾದ ವಿದ್ಯೆಯನ್ನು ಆರಿಸಿಕೊಳ್ಳಬಲ್ಲನು. ಕಲಿಯುವ ಊರನ್ನೂ ಬಹುಮಟ್ಟಿಗೆ ಆರಿಸಿಕೊಳ್ಳಬಲ್ಲನು. ಆದರೆ ತನ್ನ ಮಗ್ಗುಲಲ್ಲಿ ಕುಳಿತು ಕಲಿಯುವವನು ಯಾರೆಂಬುದು ಅವನ ಆಯ್ಕೆಗೆ ಸೇರಿದ ವಿಷಯವಲ್ಲ. ವಿದ್ಯೆಯನ್ನರಸಿ ದೂರದೇಶಕ್ಕೆ ಹೋದವರಿಗೆ ಈ ಮಾತು ಬೇಗ ಅನುಭವಕ್ಕೆ ಬರುತ್ತದೆ. ಊರು ಸುಂದರವಾಗಿರುತ್ತದೆ. ನದಿ, ಸೇತುವೆ, ಹಳೆಯ ಬೀದಿಗಳು, ಗ್ರಂಥಭಂಡಾರ ಎಲ್ಲವೂ ಮನಸ್ಸಿಗೆ ಹಿತವಾಗಿರುತ್ತವೆ. ಅವುಗಳ ನಡುವೆ ಒಬ್ಬ ಸಹಪಾಠಿ ಮಾತ್ರ ಕಣ್ಣಿಗೆ ಬಿದ್ದ ಕಸದಂತೆ ಇರುತ್ತಾನೆ.

ಆತನು ದುಷ್ಟನಲ್ಲ. ಕಳ್ಳತನ ಮಾಡುವವನಲ್ಲ, ಕುಡಿತಕ್ಕೆ ಎಳೆಯುವವನೂ ಅಲ್ಲ. ಆದರೆ ಅವನ ಮಾತು ಅತಿ, ಜಂಭ ಅತಿ. ಪರರ ಉಚ್ಚಾರಣೆಯನ್ನೂ ಉಡುಪನ್ನೂ ಊಟವನ್ನೂ ಎತ್ತಿ ಆಡುವ ಚಾಳಿ ಅವನಿಗುಂಟು. ಇಂದು ಕರ್ನಾಟಕದ ಅನೇಕ ಶರಣಮನೆತನಗಳ ಮಕ್ಕಳು ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿಕೊಂಡೇ ಸಮುದ್ರದಾಚೆಯ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ. ಅವರಲ್ಲಿ ಯಾರಾದರೊಬ್ಬರು ದೂರವಾಣಿಯಲ್ಲಿ ತಂದೆತಾಯಿಗಳೊಡನೆ ಮಾತನಾಡುತ್ತ, ಇಂಥ ಒಬ್ಬನಿಂದ ಬೇಸತ್ತಿರುವುದಾಗಿ ಹೇಳಿಕೊಂಡರೆ, ಮನೆಯವರ ಬಾಯಿಂದ ಬರುವ ಮೊದಲ ಉಪದೇಶವೆಂದರೆ ‘ಅವನ ಗೊಡವೆ ಬೇಡ, ದೂರವಿರು’ ಎಂಬುದು. ಈ ಉಪದೇಶವು ಎಷ್ಟರಮಟ್ಟಿಗೆ ಸರಿಯಾದುದು? ಬೇಸರ ತರುವವನನ್ನು ತಪ್ಪಿಸಿಕೊಂಡು ನಡೆಯುವುದು ವಿವೇಕವೋ, ಹೇಡಿತನವೋ? ವಿಚಾರಿಸತಕ್ಕ ಪ್ರಶ್ನೆಯಿದು.

ಇದರಲ್ಲಿ ಎರಡು ಪಕ್ಷಗಳಿವೆ. ಶರಣರು ಸಜ್ಜನಸಂಗವನ್ನು ಕೊಂಡಾಡಿದ್ದಾರೆ, ದುರ್ಜನಸಂಗವನ್ನು ನಿಷೇಧಿಸಿದ್ದಾರೆ. ಆದಕಾರಣ ದೂರವಿರುವುದೇ ಧರ್ಮವೆಂಬುದು ಮೊದಲನೆಯ ಪಕ್ಷ. ಸರ್ವರಲ್ಲಿಯೂ ಶಿವನನ್ನು ಕಾಣಬೇಕೆಂದು ಹೇಳುವ ಧರ್ಮದಲ್ಲಿ ಒಬ್ಬನನ್ನು ಕಂಡು ಇನ್ನೊಂದು ಬೀದಿಗೆ ತಿರುಗುವುದು ಶಿವನಿಗೇ ಬೆನ್ನು ತೋರಿಸಿದಂತೆ ಎಂಬುದು ಎರಡನೆಯ ಪಕ್ಷ. ಎರಡರಲ್ಲಿಯೂ ಸತ್ಯಾಂಶವಿದೆ, ಎರಡೂ ಪೂರ್ಣಸತ್ಯಗಳಲ್ಲ. ಮೊದಲನೆಯದು ದುರ್ಜನನಿಗೂ ಅಪ್ರಿಯನಿಗೂ ಇರುವ ಭೇದವನ್ನು ಮರೆಯುತ್ತದೆ. ಎರಡನೆಯದು ನಿಜವಾದ ಕೇಡಿನ ಮುಂದೆಯೂ ಮನುಷ್ಯನನ್ನು ಕೈಕಟ್ಟಿ ನಿಲ್ಲಿಸುತ್ತದೆ. ಕೇಡಿಗೂ ಕಿರಿಕಿರಿಗೂ ಅಂತರವನ್ನು ಅರಿಯುವುದೇ ಇಲ್ಲಿ ಮುಖ್ಯವಾದ ಕೆಲಸ.

ಬರಿಯ ತರ್ಕಕ್ಕಿಂತ ನಡೆದ ದೃಷ್ಟಾಂತವೊಂದು ಇದಕ್ಕೆ ಹೆಚ್ಚು ಸಹಾಯಕವಾದೀತು. ಕಾಳಿದಾಸನ ಶಾಕುಂತಲವನ್ನು 1791ರಲ್ಲಿ ಜರ್ಮನ್ ಅನುವಾದದ ಮೂಲಕ ಓದಿ ಮುಕ್ತಕಂಠದಿಂದ ಹೊಗಳಿದ ಮಹಾಕವಿ ಗಯಟೆಯ ಹೆಸರು ಈ ನಾಡಿನ ಸಾಹಿತ್ಯಾಭಿಮಾನಿಗಳಿಗೆ ಹೊಸದಲ್ಲ. 1749ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಜನಿಸಿದ ಆತನು ನ್ಯಾಯಶಾಸ್ತ್ರದ ವ್ಯಾಸಂಗವನ್ನು ಮುಗಿಸುವುದಕ್ಕಾಗಿ 1770ರ ಏಪ್ರಿಲಿನಲ್ಲಿ ಸ್ಟ್ರಾಸ್‌ಬರ್ಗ್ ನಗರಕ್ಕೆ ಹೋದನು. ಆ ನಗರವು 1681ರಿಂದ ಫ್ರಾನ್ಸಿನ ದೊರೆಗಳ ಅಧೀನದಲ್ಲಿತ್ತು. ಹೀಗಾಗಿ ಗಯಟೆಗೆ ಅದು ಪರರಾಜ್ಯ. ಇಲ್ ಎಂಬ ನದಿಯ ಕವಲುಗಳು ಬಳಸಿ ಹರಿಯುವ ಆ ಊರಿನ ನಡುವೆ ಕೆಂಪು ಮರಳುಗಲ್ಲಿನ ದೊಡ್ಡ ಇಗರ್ಜಿಯೊಂದಿದೆ. 1439ರಲ್ಲಿ ಪೂರ್ಣಗೊಂಡ ಅದರ ಗೋಪುರದ ಎತ್ತರ 142 ಮೀಟರು. 1647ರಿಂದ 1874ರವರೆಗೆ ಜಗತ್ತಿನ ಕಟ್ಟಡಗಳಲ್ಲೆಲ್ಲ ಅದೇ ಎತ್ತರವಾದುದು. ತರುಣ ಗಯಟೆಯು ಅದರ ಸೌಂದರ್ಯಕ್ಕೆ ಮಾರುಹೋಗಿ ಮುಂದೆ ಅದರ ಮೇಲೆ ಒಂದು ಪ್ರಬಂಧವನ್ನೇ ಬರೆದನು.

ಆದರೆ ಆ ಗೋಪುರದಿಂದ ಆತನು ಪಡೆದದ್ದು ಸೌಂದರ್ಯದ ಸುಖವೊಂದೇ ಅಲ್ಲ. ಗಯಟೆಗೆ ಎತ್ತರದ ಸ್ಥಳಕ್ಕೆ ಹೋದರೆ ತಲೆ ತಿರುಗುತ್ತಿತ್ತು. ಆ ದೌರ್ಬಲ್ಯವನ್ನು ಕಳೆದುಕೊಳ್ಳಬೇಕೆಂದು ಒಬ್ಬನೇ ಗೋಪುರದ ತುದಿಯವರೆಗೆ ಏರಿ, ಒಂದು ಮೊಳದಷ್ಟೂ ಅಗಲವಿಲ್ಲದ, ಹಿಡಿದುಕೊಳ್ಳಲು ಆಸರೆಯೂ ಇಲ್ಲದ ಜಾಗದಲ್ಲಿ ನಿಲ್ಲುತ್ತಿದ್ದನು. ಅಂಜಿಕೆಯು ಅಳಿಯುವವರೆಗೂ ಮತ್ತೆಮತ್ತೆ ಹಾಗೆ ಮಾಡಿದನು. ಗಟ್ಟಿಯಾದ ಸದ್ದು ಆತನಿಗೆ ಸಹಿಸುತ್ತಿರಲಿಲ್ಲ. ಸಂಜೆಯ ಹೊತ್ತು ಸೈನಿಕರು ಭೇರಿ ಬಾರಿಸುತ್ತ ಹೋಗುವಾಗ ಆ ಭೇರಿಗಳ ಮಗ್ಗುಲಲ್ಲಿಯೇ ನಡೆಯುತ್ತಿದ್ದನು. ರೋಗ ಮತ್ತು ಶವಗಳ ಬಗ್ಗೆ ಜುಗುಪ್ಸೆಯಿತ್ತು. ಅದನ್ನು ಗೆಲ್ಲುವುದಕ್ಕಾಗಿ ವೈದ್ಯವಿದ್ಯಾರ್ಥಿಗಳೊಡನೆ ಅಂಗರಚನಾಶಾಸ್ತ್ರದ ಪಾಠಗಳಿಗೆ ಹೋದನು. ಅಪ್ರಿಯವಾದುದನ್ನು ಬಿಟ್ಟು ಓಡಿದಷ್ಟೂ ಅದು ಬೆನ್ನಟ್ಟುತ್ತದೆ, ಅದರ ಎದುರಿಗೆ ನಿಂತರೆ ತಾನೇ ಸೋಲುತ್ತದೆ ಎಂಬ ಪಾಠವನ್ನು ಆತನು ಕಲಿತದ್ದು ಹೀಗೆ.

ಗೋಪುರಕ್ಕಿಂತ ಕಠಿನವಾದ ಪರೀಕ್ಷೆಯೊಂದು ಅದೇ ವರ್ಷದ ಶರತ್ಕಾಲದಲ್ಲಿ ಮನುಷ್ಯರೂಪದಲ್ಲಿ ಬಂದಿತು. ಹರ್ಡರ್ ಎಂಬ ಪಂಡಿತನು ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಸ್ಟ್ರಾಸ್‌ಬರ್ಗಿನಲ್ಲಿ ತಂಗಿದನು. ಲೆಕ್ಕಕ್ಕೆ ಆತನು ಸಹಪಾಠಿಯಲ್ಲ. ಗಯಟೆಗಿಂತ ಐದು ವರ್ಷ ಹಿರಿಯ, ಆಗಲೇ ಗ್ರಂಥಗಳನ್ನು ಪ್ರಕಟಿಸಿ ಹೆಸರಾದವನು. ಆದರೂ ಆ ಚಳಿಗಾಲವೆಲ್ಲ ಗಯಟೆಗೆ ನಿತ್ಯದ ಒಡನಾಡಿಯಾದವನು ಆತನೇ. ಹರ್ಡರನ ನಾಲಗೆ ಬಹು ಹರಿತ. ಗಯಟೆಯ ಹೆಸರನ್ನೇ ತಿರುಚಿ ಹಾಸ್ಯದ ಪದ್ಯ ಕಟ್ಟಿದನು. ಅಂದವಾದ ಹೊದಿಕೆಯ ಪುಸ್ತಕಗಳನ್ನು ಓದದೆ ಸಾಲಾಗಿ ಜೋಡಿಸಿಟ್ಟಿದ್ದನ್ನು ಕಂಡು ಹಂಗಿಸಿದನು. ಗಯಟೆಯು ಆಸೆಯಿಂದ ಸಂಗ್ರಹಿಸಿದ್ದ ಮುದ್ರೆಗಳನ್ನು ನಕ್ಕು ತಳ್ಳಿಹಾಕಿದನು. ಮೆಚ್ಚಿ ಓದಿದ ಕವಿಗಳನ್ನೂ ಬಿಡಲಿಲ್ಲ. ಗಯಟೆಯು ತಾನು ಮನಸ್ಸಿನಲ್ಲಿ ಹೂಡಿಕೊಂಡಿದ್ದ ಕಾವ್ಯದ ಯೋಜನೆಗಳನ್ನು, ಫೌಸ್ಟ್ ನಾಟಕದ ವಸ್ತುವನ್ನು ಸಹ, ಈತನಿಗೆ ತಿಳಿಯದಂತೆ ಮುಚ್ಚಿಟ್ಟುಕೊಂಡನು.

ಆ ತರುಣನಿಗೆ ದೂರ ಸರಿಯಲು ಅಡ್ಡಿಯೇನೂ ಇರಲಿಲ್ಲ. ಹರ್ಡರ್ ಅವನ ಗುರುವಲ್ಲ, ಬಂಧುವಲ್ಲ. ಊರು ಸುಂದರವಾಗಿತ್ತು, ಬೇರೆ ಗೆಳೆಯರು ಬೇಕಾದಷ್ಟು ಮಂದಿ ಇದ್ದರು. ಆದರೂ ಗಯಟೆಯು ಬೆಳಗ್ಗೆಯೂ ಸಂಜೆಯೂ ಆ ರೋಗಿಯ ಕೋಣೆಗೆ ಹೋದನು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹತ್ತಿರವೇ ನಿಂತನು. ಚಿಕಿತ್ಸೆ ಫಲಿಸಲಿಲ್ಲ. ಆ ನೋವನ್ನು ಹರ್ಡರ್ ಧೈರ್ಯದಿಂದ ಸಹಿಸಿದ್ದನ್ನು ಗಯಟೆಯು ಕಣ್ಣಾರೆ ಕಂಡನು. ಹತ್ತಿರ ಹೋದವನಿಗೆ ಮಾತ್ರ ತಿಳಿಯುವ ಸತ್ಯವಿದು: ಚುಚ್ಚುವ ಮಾತಿನ ಹಿಂದೆ ಅನೇಕ ವೇಳೆ ಚುಚ್ಚುತ್ತಿರುವ ನೋವೊಂದು ಇರುತ್ತದೆ. ಅದೇ ಕೋಣೆಯಲ್ಲಿ ಗಯಟೆಗೆ ಶೇಕ್ಸ್‌ಪಿಯರನ ಮಹತ್ತ್ವವೂ, ಹೀಬ್ರೂ ಕಾವ್ಯದ ಗಾಂಭೀರ್ಯವೂ, ಹಳ್ಳಿಯ ಜನರ ಹಾಡುಗಳ ಸತ್ತ್ವವೂ ತಿಳಿದುಬಂದವು. ಹರ್ಡರನ ಪ್ರೇರಣೆಯಿಂದಲೇ ಆತನು 1771ರಲ್ಲಿ ಆ ಸೀಮೆಯ ಹಳ್ಳಿಗರ ಬಾಯಿಂದ ಹಾಡುಗಳನ್ನು ಬರೆದುಕೊಂಡನು. ಐದು ವರ್ಷಗಳ ಬಳಿಕ, 1776ರಲ್ಲಿ, ಹರ್ಡರನಿಗೆ ವೈಮಾರ್ ಸಂಸ್ಥಾನದಲ್ಲಿ ಉನ್ನತವಾದ ಧರ್ಮಾಧಿಕಾರವನ್ನು ದೊರಕಿಸಿಕೊಡಲು ಶ್ರಮಿಸಿದವನು ಹಿಂದೆ ಹಂಗಿಸಿಕೊಂಡಿದ್ದ ಈ ಗಯಟೆಯೇ. ಕಡೆಗಾಲದಲ್ಲಿ ಅವರ ಸ್ನೇಹವು ಸೊರಗಿತು. 1803ರಲ್ಲಿ ಹರ್ಡರ್ ತೀರಿಕೊಂಡನು. ಆದರೂ 1812ರಲ್ಲಿ ತನ್ನ ಆತ್ಮಕಥೆಯ ಎರಡನೆಯ ಭಾಗವನ್ನು ಪ್ರಕಟಿಸುವಾಗ ಗಯಟೆಯು ಆ ಚಳಿಗಾಲದ ಪರಿಚಯವನ್ನೇ ಸ್ಟ್ರಾಸ್‌ಬರ್ಗಿನಲ್ಲಿ ತನಗೆ ದೊರೆತ ಬಹುದೊಡ್ಡ ಲಾಭವೆಂದು ಎಣಿಸಿದನು. ಸಹನೆಯ ಫಲವು ಸ್ನೇಹದ ಆಯುಸ್ಸಿಗಿಂತಲೂ ದೀರ್ಘವಾದುದು.

ಹಾಗೆಂದ ಮಾತ್ರಕ್ಕೆ ಸಹನೆಯೆಂಬುದು ಎಲ್ಲ ಕಡೆಯಲ್ಲಿಯೂ ಮೌನವಲ್ಲ. ಅದೇ ಊರಿನಲ್ಲಿ ನಡೆದ ಮತ್ತೊಂದು ಪ್ರಸಂಗವು ಇದನ್ನು ತಿಳಿಸುತ್ತದೆ. ಸಾಲ್ಜ್‌ಮನ್ ಎಂಬ ಹಿರಿಯರ ಮುಂದಾಳುತನದಲ್ಲಿ ವಿದ್ಯಾರ್ಥಿಗಳು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಯುಂಗ್-ಸ್ಟಿಲಿಂಗ್ ಎಂಬ ಬಡ ವಿದ್ಯಾರ್ಥಿಯೊಬ್ಬನು 1770ರಲ್ಲಿ ಆ ಪಂಕ್ತಿಗೆ ಬಂದನು. ದರ್ಜಿಯ ಕೆಲಸವನ್ನೂ ಶಾಲೆಯ ಉಪಾಧ್ಯಾಯವೃತ್ತಿಯನ್ನೂ ಮಾಡಿ, ಮೂವತ್ತನೆಯ ವಯಸ್ಸಿನಲ್ಲಿ ವೈದ್ಯವಿದ್ಯೆಗೆ ತೊಡಗಿದ ಕಾಯಕಜೀವಿ ಆತನು. ಅಂದಿನ ಕಾಲದ ಗಂಡಸರು ತಲೆಗೆ ಧರಿಸುತ್ತಿದ್ದ ಕೃತಕ ಕೂದಲಿನ ಟೋಪಿಯು ಅವನಲ್ಲಿ ಹಳೆಯ ಮಾದರಿಯದಾಗಿತ್ತು. ಪಂಕ್ತಿಯಲ್ಲಿದ್ದ ಸಹಪಾಠಿಯೊಬ್ಬನು ಅದನ್ನು ಎತ್ತಿ ಆಡಿ ಹಾಸ್ಯಮಾಡಿದನು, ಬಹುಮಂದಿ ನಕ್ಕರು. ಗಯಟೆಯು ನಗಲಿಲ್ಲ. ಯಾರಿಗೂ ಕೇಡೆಣಿಸದ ಸಜ್ಜನನನ್ನು ಹೀಗೆ ಅಪಹಾಸ್ಯ ಮಾಡುವುದು ನೀಚಕೃತ್ಯವೆಂದು ಅಲ್ಲಿಯೇ ಆ ಹಾಸ್ಯಗಾರನನ್ನು ಖಂಡಿಸಿದನು. ಆ ಬಡವನು ಮುಂದೆ ಕಣ್ಣಿನ ಪೊರೆ ತೆಗೆಯುವ ವೈದ್ಯನೆಂದು ಪ್ರಸಿದ್ಧನಾದನು. 1777ರಲ್ಲಿ ಅವನ ಬಾಲ್ಯದ ಕಥನವನ್ನು ಅಚ್ಚು ಹಾಕಿಸಿದವನೂ ಗಯಟೆಯೇ. ತನ್ನ ಹೆಸರನ್ನು ಹಾಸ್ಯಮಾಡಿದಾಗ ನುಂಗಿಕೊಂಡವನು ಪರರ ಹಳೆಯ ಟೋಪಿಯನ್ನು ಹಾಸ್ಯಮಾಡಿದಾಗ ನುಂಗಿಕೊಳ್ಳಲಿಲ್ಲ. ಧರ್ಮದ ಸೂಕ್ಷ್ಮವಿರುವುದು ಈ ಭೇದದಲ್ಲಿ.

ಇಷ್ಟು ದೂರದ ಊರಿನ ಕಥೆಯು ಶರಣಪರಂಪರೆಗೆ ಅಪರಿಚಿತವಾದುದಲ್ಲ. ಶೂನ್ಯಸಂಪಾದನೆಯು ಹೇಳುವಂತೆ, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತ, ಗುಡಿ ಎತ್ತಿಸುತ್ತ ಲೋಕಮಾನ್ಯರಾಗಿದ್ದ ಸಿದ್ಧರಾಮಯ್ಯನವರ ಬಳಿಗೆ ಅಲ್ಲಮಪ್ರಭುದೇವರು ಬಂದದ್ದು ಹೊಗಳುವುದಕ್ಕಲ್ಲ. ಮಣ್ಣು ಹೊರಿಸುವ ಕೆಲಸದವನೆಂಬಂತೆ ಅವರನ್ನು ಜರೆದೇ ಪ್ರಭುಗಳು ಮಾತು ತೆಗೆದರು. ಅಲ್ಲಿದ್ದ ಜನರು ಕನಲಿ ಕಲ್ಲೆಸೆದರು, ಸಿದ್ಧರಾಮಯ್ಯನವರಿಗೂ ಕೋಪವುಕ್ಕಿತು. ಅಂದು ಆ ಅಪ್ರಿಯ ಅತಿಥಿಯಿಂದ ಮುಖ ತಿರುಗಿಸಿಕೊಂಡಿದ್ದರೆ ಕೆರೆಯೂ ಗುಡಿಯೂ ಉಳಿಯುತ್ತಿದ್ದವು. ಕಲ್ಯಾಣದ ಅನುಭವಮಂಟಪದ ಬಾಗಿಲು ಮಾತ್ರ ಅವರಿಗೆ ತೆರೆಯುತ್ತಿರಲಿಲ್ಲ. ಅದೇ ಮಂಟಪದಲ್ಲಿ ಅಕ್ಕಮಹಾದೇವಿಯವರನ್ನು ಎದುರುಗೊಂಡದ್ದೂ ಪ್ರಭುಗಳ ಕಟುಪ್ರಶ್ನೆಗಳೇ. ಅವರು ಅವುಗಳಿಂದ ಹಿಂಜರಿಯಲಿಲ್ಲ. ಉತ್ತರಿಸಿ ಶರಣಗಣದ ಗೌರವಕ್ಕೆ ಪಾತ್ರರಾದರು.

ಈ ದೃಷ್ಟಾಂತಗಳಿಂದ ಸಿದ್ಧಾಂತವನ್ನು ಹೀಗೆ ನಿರ್ಣಯಿಸಬಹುದು. ಪಂಚಾಚಾರಗಳಲ್ಲಿ ಮೂರು ಈ ಪ್ರಶ್ನೆಗೆ ದೀಪಗಳಾಗಿವೆ. ಸಹಪಾಠಿಯ ಸಂಗದಿಂದ ತನ್ನ ನಡತೆ ಕೆಡುವಂತಿದ್ದರೆ, ಕುಡಿತಕ್ಕೋ ಜೂಜಿಗೋ ಪರೀಕ್ಷೆಯಲ್ಲಿ ವಂಚನೆಗೋ ಎಳೆತವಿದ್ದರೆ, ಸದಾಚಾರವು ದೂರವಿರೆಂದು ಹೇಳುತ್ತದೆ. ಅಲ್ಲಿ ತಪ್ಪಿಸಿಕೊಳ್ಳುವುದೇ ಶೌರ್ಯ. ಅವನು ಮತ್ತೊಬ್ಬ ದುರ್ಬಲನನ್ನು ಹೀಯಾಳಿಸುತ್ತಿದ್ದರೆ, ಅಥವಾ ಬಣ್ಣವನ್ನೋ ಧರ್ಮವನ್ನೋ ಹಿಡಿದು ಯಾರನ್ನಾದರೂ ಪೀಡಿಸುತ್ತಿದ್ದರೆ, ಗಣಾಚಾರವು ಎದ್ದು ನಿಲ್ಲೆಂದು ಹೇಳುತ್ತದೆ; ಅಲ್ಲಿ ಖಂಡಿಸುವುದೂ ವಿದ್ಯಾಲಯದ ಅಧಿಕಾರಿಗಳಿಗೆ ತಿಳಿಸುವುದೂ ಕರ್ತವ್ಯ. ಪೀಡೆಗೊಳಗಾದವನು ತಾನೇ ಆಗಿದ್ದರೂ ಈ ನಿಯಮಕ್ಕೆ ಬಾಧೆಯಿಲ್ಲ. ಆದರೆ ಅವನಿಂದ ಗಾಯಗೊಳ್ಳುವುದು ತನ್ನ ಅಭಿಮಾನವೊಂದೇ ಆಗಿದ್ದರೆ, ಭೃತ್ಯಾಚಾರವು ಅಲ್ಲಿಯೇ ನಿಲ್ಲು, ಕೇಳು ಎಂದು ಹೇಳುತ್ತದೆ. ತಾನು ಎಲ್ಲರಿಗಿಂತ ಕಿರಿಯನೆಂಬ ಭಾವವುಳ್ಳವನಿಗೆ ಹಂಗಿನ ಮಾತಿನಲ್ಲಿಯೂ ಒಂದು ತುತ್ತು ಪ್ರಸಾದ ದೊರೆಯದೆ ಹೋಗುವುದಿಲ್ಲ.

ತಪ್ಪಿಸಿಕೊಳ್ಳುವವನ ಪಾಡನ್ನು ಸ್ವಲ್ಪ ನೋಡಬೇಕು. ಸಹಪಾಠಿಯು ಬೆಳಗ್ಗೆ ಗ್ರಂಥಭಂಡಾರಕ್ಕೆ ಹೋಗುವನೆಂದು ತಾನು ಸಂಜೆ ಹೋಗುತ್ತಾನೆ. ಅವನು ಸೇತುವೆಯ ಮೇಲೆ ಕಂಡರೆ ತಾನು ಓಣಿಯನ್ನು ಹಿಡಿಯುತ್ತಾನೆ. ಅವನು ಬರುವನೆಂಬ ಶಂಕೆಯಿಂದ ಸಭೆಯನ್ನೂ ಹಬ್ಬವನ್ನೂ ಬಿಡುತ್ತಾನೆ. ದಿನಕಳೆದಂತೆ ಆ ಸುಂದರವಾದ ಊರು ಅವನ ಪಾಲಿಗೆ ಒಂದು ಕೋಣೆಯಷ್ಟು ಕಿರಿದಾಗುತ್ತದೆ. ಕೊನೆಗೆ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಕುಳಿತಾಗಲೂ ಕಣ್ಣಿನ ಮುಂದೆ ಸುಳಿಯುವುದು ಆ ಸಹಪಾಠಿಯ ಮುಖವೇ. ಪುರಾಣಗಳು ವೈರಭಕ್ತಿಯೆಂದು ಹೇಳುವುದುಂಟು: ದ್ವೇಷದಿಂದಲೇ ದೇವರನ್ನು ಎಡೆಬಿಡದೆ ನೆನೆದವರ ಕಥೆ ಅದು. ಇಲ್ಲಿ ನೆನಹು ಹಾಗೆಯೇ ಅಖಂಡವಾಗಿರುತ್ತದೆ, ದೇವರು ಮಾತ್ರ ಇರುವುದಿಲ್ಲ. ಲಿಂಗಕ್ಕೆ ಮೀಸಲಾದ ಸ್ಥಳವನ್ನು ಒಬ್ಬ ವಾಚಾಳಿಗೆ ಬಿಟ್ಟುಕೊಟ್ಟಂತಾಗುತ್ತದೆ. ಸಿಟ್ಟು ಪರರನ್ನು ಮುಟ್ಟುವ ಮೊದಲು ತಾನಿರುವ ಎಡೆಯನ್ನೇ ಕೆಡಿಸುವುದೆಂದು ಬಸವಣ್ಣನವರು ಬೋಧಿಸಿದ್ದು ಇಂಥ ಅವಸ್ಥೆಗೆ ಚೆನ್ನಾಗಿ ಅನ್ವಯಿಸುತ್ತದೆ.

ಸಹಿಸಿ ನಿಲ್ಲುವುದೆಂದರೆ ಹಗಲಿರುಳು ಅವನ ಜೊತೆಯಲ್ಲಿರಬೇಕೆಂದು ಅರ್ಥವಲ್ಲ. ಎದುರಾದರೆ ನಮಸ್ಕರಿಸುವುದು, ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದು, ಅವನಿಗೆ ಕಾಯಿಲೆಯಾದರೆ ಹೋಗಿ ವಿಚಾರಿಸುವುದು, ಅವನ ಟೀಕೆಯಲ್ಲಿ ನಿಜವಿದ್ದರೆ ತಿದ್ದಿಕೊಳ್ಳುವುದು, ಸುಳ್ಳಿದ್ದರೆ ಬಿಡುವುದು: ಇಷ್ಟಾದರೆ ಸಾಕು. ತನ್ನ ಹೃದಯದ ಅಮೂಲ್ಯ ವಿಚಾರಗಳನ್ನು ಅವನ ಮುಂದೆ ಬಿಚ್ಚಿಡಬೇಕಾದ ಅಗತ್ಯವೂ ಇಲ್ಲ. ಗಯಟೆಯೂ ತನ್ನ ಕಾವ್ಯದ ಬೀಜವನ್ನು ಮುಚ್ಚಿಟ್ಟನು. ಕೋಣೆಯ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.

ಆದುದರಿಂದ ಪರದೇಶದಿಂದ ಮಗನಾಗಲಿ ಮಗಳಾಗಲಿ ಇಂಥ ದೂರನ್ನು ಹೇಳಿದಾಗ ಗೃಹಸ್ಥರು ‘ದೂರವಿರು’ ಎಂದು ಅವಸರದಿಂದ ಹೇಳಬಾರದು. ‘ಅವನಿಂದ ನಿನ್ನ ನಡತೆಗೆ ಕುಂದೋ, ಪರರಿಗೆ ಪೀಡೆಯೋ, ನಿನ್ನ ಅಭಿಮಾನಕ್ಕೆ ನೋವೋ?’ ಎಂದು ಕೇಳಬೇಕು. ಉತ್ತರವು ಮೊದಲನೆಯದಾದರೆ ಬಿಡಿಸಬೇಕು, ಎರಡನೆಯದಾದರೆ ಧೈರ್ಯ ಹೇಳಬೇಕು, ಮೂರನೆಯದಾದರೆ ಸೈರಣೆಯನ್ನು ಕಲಿಸಬೇಕು. ಹೀಗೆ ಕೇಳುವವರು ಇದೇ ಪ್ರಶ್ನೆಯನ್ನು ತಮ್ಮ ನೆರೆಮನೆಯವರ ವಿಷಯದಲ್ಲಿ, ದಾಯಾದಿಗಳ ವಿಷಯದಲ್ಲಿ, ಒಂದೇ ಸೂರಿನಡಿ ಮಾತುಬಿಟ್ಟಿರುವ ಬಂಧುಗಳ ವಿಷಯದಲ್ಲಿ ತಮಗೆ ತಾವೇ ಮೊದಲು ಕೇಳಿಕೊಂಡಿರಬೇಕಾದುದು ಅವಶ್ಯ. ಮನೆಯಲ್ಲಿ ಕಾಣದ ಸೈರಣೆಯನ್ನು ಮಕ್ಕಳು ಸಮುದ್ರದಾಚೆ ಕಲಿಯಲಾರರು.