ಬೋರ್ ಮಾಡಿಸಬೇಕೋ, ಮಾರಬೇಕೋ

ಲಾರಿ ಇಂಜಿನ್ನು ಹೋಯಿತು ಅಂದರೆ ನಮ್ಮ ಕಡೆ ಸಾವಿಗೆ ಬಂದಷ್ಟು ಜನ ಬರುತ್ತಾರೆ. ಬಂದವರೆಲ್ಲ ಒಂದೊಂದು ಬುದ್ಧಿ ಹೇಳುತ್ತಾರೆ. ಬೋರ್ ಮಾಡಿಸು ಅನ್ನುವವನೊಬ್ಬ, ಗುಜರಿಯಿಂದ ಬೇರೆ ಇಂಜಿನ್ ತಂದು ಕೂರಿಸು ಅನ್ನುವವನೊಬ್ಬ, ಬಂದಷ್ಟಕ್ಕೆ ಮಾರಿ ಕೈ ತೊಳಕೋ ಅನ್ನುವವನೊಬ್ಬ. 2019ರ ಆಷಾಢದಲ್ಲಿ ನಮ್ಮ ಸೋದರಮಾವನ ಟಿಪ್ಪರ್ ಹೊಸಪೇಟೆಯ ಒಂದು ಗ್ಯಾರೇಜಿನ ಮುಂದೆ ಹದಿನೆಂಟು ದಿನ ನಿಂತಿತ್ತು. ಆ ದಿನಗಳಲ್ಲಿ ಕೇಳಿದ ಮಾತುಗಳನ್ನೂ ನಾನೇ ಆಡಿದ ಒಂದು ಕೆಟ್ಟ ಮಾತನ್ನೂ ಇಲ್ಲಿ ಬರೆಯುತ್ತಿದ್ದೇನೆ. ಇದು ಬರೀ ಮೆಕ್ಯಾನಿಕ್ಕಿನ ಪ್ರಶ್ನೆ ಅಂತ ಮೊದಮೊದಲು ನಾನೂ ತಿಳಿದಿದ್ದೆ.

ಆ ಗಾಡಿ ಹುಟ್ಟಿದ್ದು 2006ರಲ್ಲಿ. ಸಂಡೂರು, ಹೊಸಪೇಟೆ ಸೀಮೆಯಲ್ಲಿ ಕೆಂಪು ಮಣ್ಣು ಬಂಗಾರವಾಗಿದ್ದ ಕಾಲ. ಹೊಲ ಮಾರಿ, ಫೈನಾನ್ಸಿನಲ್ಲಿ ಸಾಲ ಎತ್ತಿ, ಅದಿರು ಹೊಡೆಯಲು ಟಿಪ್ಪರ್ ಕೊಂಡವರು ಊರೂರಲ್ಲಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುಡ್ಡ ಬಗೆದು ಗಂಟು ಕಟ್ಟಿಕೊಂಡವರು ಬೇರೆ, ಕಂತು ಕಟ್ಟಲಾಗದೆ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿದವರು ಬೇರೆ. ಹಾಗೆ ನಿಂತ ಒಂದು ಗಾಡಿಯನ್ನು, ಅಲ್ಲಿಯವರೆಗೆ ಬರೀ ಡ್ರೈವರಾಗಿದ್ದ ಮಾವ 2012ರಲ್ಲಿ ಕೊಂಡ. ಒಬ್ಬನ ಮುಳುಗಿದ ಬದುಕು ಇನ್ನೊಬ್ಬನ ಮೊದಲ ಆಸ್ತಿಯಾಯಿತು. ತಂದ ಮೂರನೇ ತಿಂಗಳಿಗೆ ನೀಲಿ ಹೊಗೆ ಶುರು. ಮಾರಿದವನು ಗಟ್ಟಿ ಆಯಿಲ್ ಸುರಿದು, ಹೊಗೆ ಅಡಗಿಸಿ, ಸದ್ದು ಅಡಗಿಸಿ ಕೊಟ್ಟಿದ್ದ.

ಆಗ ಹೇಗೋ ರಿಪೇರಿ ಮಾಡಿಸಿ ಜಲ್ಲಿ, ಎಂ-ಸ್ಯಾಂಡ್ ಹೊಡೆದುಕೊಂಡು ಏಳು ವರ್ಷ ದೂಡಿದ. 2019ಕ್ಕೆ ಮತ್ತೆ ಅದೇ ರೋಗ. ಆಯಿಲ್ ಕುಡಿಯುತ್ತಿತ್ತು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬೀಡಿ ಸೇದಿದವನ ಬಾಯಂತೆ ಭುಸುಭುಸು ಹೊಗೆ. ಇಂಜಿನ್ ಕಾದ ಮೇಲೆ ಆಯಿಲ್ ಪ್ರೆಶರಿನ ಮುಳ್ಳು ಕೆಳಕ್ಕೆ. ಮೇಸ್ತ್ರಿ ಇಂಜಿನ್ ಇಳಿಸಿ, ಬಿಚ್ಚಿ ನೋಡಿ ಹೇಳಿದ: ರಿಂಗ್, ಪಿಸ್ಟನ್ ಹಾಕಬಹುದು, ಬೋರ್ ಮಾಡಬಹುದು. ಕ್ರ್ಯಾಂಕ್ ಮಾತ್ರ ಇನ್ನೊಂದೇ ಸಲ. ಕ್ರ್ಯಾಂಕ್ ಶಾಫ್ಟು ಸವೆದಾಗ ಅದನ್ನು ಮಸೆದು ಸಣ್ಣ ಮಾಡಿ, ಅದಕ್ಕೆ ತಕ್ಕಂತೆ ದಪ್ಪ ಬೇರಿಂಗ್ ಹಾಕುತ್ತಾರೆ. ಮೊದಲ ಸಲ ಕಾಲು ಮಿಲಿಮೀಟರು, ಆಮೇಲೆ ಅರ್ಧ, ಮುಕ್ಕಾಲು, ಕೊನೆಗೆ ಒಂದು. ಅಲ್ಲಿಂದಾಚೆಗೆ ಬೇರಿಂಗೂ ಸಿಗುವುದಿಲ್ಲ, ಕಬ್ಬಿಣಕ್ಕೆ ತಡೆಯುವ ಶಕ್ತಿಯೂ ಇರುವುದಿಲ್ಲ. ಈ ಕ್ರ್ಯಾಂಕ್ ಮೂರು ಸಲ ಮಸೆಸಿಕೊಂಡಿತ್ತು.

ಗ್ಯಾರೇಜಿನಲ್ಲಿ ಒಂದು ಲೆಕ್ಕ ಇದೆ: ರಿಪೇರಿ ಖರ್ಚು ಗಾಡಿಯ ಬೆಲೆಯ ಅರ್ಧ ದಾಟಿದರೆ ಗಾಡಿ ಬಿಡು. ಪೂರಾ ಕೆಲಸಕ್ಕೆ ಒಂದೂವರೆ ಲಕ್ಷ ಅಂದ ಮೇಸ್ತ್ರಿ. ಗಾಡಿಗೆ ಮೂರು ಬಂದರೆ ಹೆಚ್ಚು. ಲೆಕ್ಕ ಸರಿಯಾಗಿ ನಡು ಗೆರೆಯ ಮೇಲೆ ನಿಂತಿತು. ಆದರೆ ಗೆಳೆಯರೇ, ಬಿಟ್ಟು ಹೊಸದು ತರುವ ಶಕ್ತಿ ಇದ್ದವನಿಗಲ್ಲವೇ ಈ ಲೆಕ್ಕ? ಹೊಸ ಗಾಡಿಗೆ ಸಾಲ ಕೊಡುವವನು ಹೊಲದ ಪಹಣಿ ಕೇಳುತ್ತಾನೆ, ಜಾಮೀನುದಾರನನ್ನು ಕೇಳುತ್ತಾನೆ. ನಮ್ಮ ಕೇರಿಗೆ ಎಲ್ಲವೂ ಬೇರೆಯವರು ಬದಲಾಯಿಸಿದ ಮೇಲೆಯೇ ಬರುವುದು: ಅಂಗಿ, ಪಠ್ಯಪುಸ್ತಕ, ಸೈಕಲ್ಲು, ಲಾರಿ. ಉಳ್ಳವನ ಬಾಯಲ್ಲಿ 'ಬದಲಾಯಿಸಿದೆ' ಎಂಬ ಮಾತು ಮುಗಿಯುವ ಕಡೆ ನಮ್ಮವನ ರಿಪೇರಿ ಶುರುವಾಗುತ್ತದೆ.

ಗುಜರಿ ಇಂಜಿನ್ ಅಗ್ಗ. ಆದರೆ ಆರ್.ಸಿ. ಬುಕ್ಕಿನಲ್ಲಿ ಚಾಸಿ ನಂಬರಿನ ಜೊತೆ ಇಂಜಿನ್ ನಂಬರೂ ಇರುತ್ತದೆ. ಬೇರೆ ಇಂಜಿನ್ ಕೂರಿಸಿದರೆ ಆರ್.ಟಿ.ಓ. ಕಚೇರಿಯಲ್ಲಿ ಬರೆಸಬೇಕು, ಅದು ಎಲ್ಲಿಂದ ಬಂತು ಎಂಬುದಕ್ಕೆ ಕಾಗದ ಬೇಕು. ಕಾಗದವಿಲ್ಲದ ಇಂಜಿನ್ ಯಾರ ಮನೆ ಮುರಿದು ಬಂದದ್ದೋ ಯಾರಿಗೆ ಗೊತ್ತು.

ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ರಥದ ಪ್ರಶ್ನೆ ಹಾಕಿದ್ದು ಆಗ ನೆನಪಾಯಿತು. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಇದನ್ನು ಜಂಭದಿಂದ ಮೇಸ್ತ್ರಿಗೆ ಹೇಳಿ, ಇಷ್ಟೆಲ್ಲ ಬದಲಾದ ಮೇಲೂ ಇದು ಅದೇ ಲಾರಿಯೇ ಅಂತ ಕೇಳಿದೆ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, "ಸಾಲ ಅದೇ ಐತಲ್ರೀ ಮೇಷ್ಟ್ರೆ, ಅಂದಮ್ಯಾಲೆ ಲಾರೀನೂ ಅದೇ" ಅಂದ.

ಈಗ ಕೆಟ್ಟ ಮಾತಿಗೆ ಬರುತ್ತೇನೆ. ಮಾರುವುದು ಅಂತ ಹೆಚ್ಚುಕಡಿಮೆ ತೀರ್ಮಾನ ಆಗಿತ್ತು. ಕಂಪ್ಲಿ ಕಡೆಯ ಒಬ್ಬ ಡ್ರೈವರ್ ಕೇಳಿ ಹೋಗಿದ್ದ. ಹಳೇ ರಿಂಗೇ ಕೂರಿಸಿ, ಗಟ್ಟಿ ಆಯಿಲ್ ಹಾಕಿ, ಸುಮ್ಮನೆ ಕೊಟ್ಟುಬಿಡೋಣ ಅಂದದ್ದು ನಾನು. ಹತ್ತು ಜನಕ್ಕೆ ನ್ಯಾಯ ಬೋಧಿಸುವ ನಾನು. "ನಿನಗೂ ಹಂಗೇ ಕೊಟ್ಟಿರಲಿಲ್ವಾ ಮಾವ" ಅಂತ ಸಮರ್ಥನೆ ಬೇರೆ. ಮಾವನಿಗೂ ಮನಸ್ಸಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ರಾತ್ರಿ ಪೂರಾ ಯೋಚನೆ ಮಾಡಿದ. ಬೆಳಗ್ಗೆ ಬಂದು, "ಲೇ ಅಳಿಯಾ, ನನಗ ಕೊಟ್ಟೋನು ನನ್ನಂಗ ಡ್ರೈವರೇ ಇದ್ದ. ಅವನ ಮ್ಯಾಲೆ ಏಳು ವರ್ಷ ಶಾಪ ಹಾಕೀನಿ. ಈಗ ಆ ಶಾಪ ನನಗ ತಿರುಗ್ತೈತಿ" ಅಂದ.

ನನ್ನ ವಾದದ ಹುಳುಕು ಆಗ ಕಾಣಿಸಿತು. ನಮ್ಮನ್ನು ಮೋಸ ಮಾಡಿದವನ ಲೆಕ್ಕವನ್ನು ನಾವು ಅವನಿಂದ ವಸೂಲು ಮಾಡುತ್ತಿರಲಿಲ್ಲ, ನಮಗಿಂತ ಒಂದು ಮೆಟ್ಟಿಲು ಕೆಳಗಿರುವವನಿಂದ ಮಾಡುತ್ತಿದ್ದೆವು. ಕೆಟ್ಟ ಇಂಜಿನ್ ಮಾರಿದರೆ ಕೇಡು ಸಾಯುವುದಿಲ್ಲ, ಕೈ ಬದಲಾಯಿಸುತ್ತದೆ. ದಿಬ್ಬ ಇಳಿಯುವಾಗ ಇಂಜಿನ್ ಹಿಡಿದುಕೊಂಡು ನಿಂತರೆ ಏರ್ ಬ್ರೇಕಿನ ಟ್ಯಾಂಕಿಗೆ ಗಾಳಿ ತುಂಬುವುದೂ ನಿಲ್ಲುತ್ತದೆ. ಆಗ ಸ್ಟೇರಿಂಗ್ ಮುಂದೆ ಕೂತವನ ಜೀವ ಗ್ಯಾರೇಜಿನ ಅರ್ಧ ಬೆಲೆಯ ಲೆಕ್ಕದಲ್ಲಿ ಎಲ್ಲಿ ಬರುತ್ತದೆ?

ಹಾಗಂತ ರಿಪೇರಿಯನ್ನು ಹೊಗಳಿ ಬರೆಯಲು ನನಗೆ ಇಷ್ಟವಿಲ್ಲ. ಹಳೆಯದನ್ನು ಉಳಿಸಿಕೊಂಡು ಬಾಳುವ ಬಡವರ ಜಾಣ್ಮೆ ಅಂತ ಪಟ್ಟಣದ ಕೆಲವರು ಕಣ್ಣರಳಿಸುತ್ತಾರೆ. ಅವರು ಆ ಹೊಗೆ ಕುಡಿದವರಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತ ಮಾಡಿ ಹೇಳಿತು. ಏಳು ವರ್ಷ ಆ ಗಾಡಿಯ ಹಿಂದೆ ನಿಂತು "ಬರ್ಲಿ ಬರ್ಲಿ" ಅಂತ ರಿವರ್ಸ್ ತೆಗೆಸಿದ ಕ್ಲೀನರ್ ಹುಡುಗ ನನ್ನದೇ ಶಾಲೆ ಬಿಟ್ಟವನು. ಅವನ ಎದೆಯೊಳಗೆ ಎಷ್ಟು ಹೋಗಿದೆಯೋ ಯಾವ ಮೇಸ್ತ್ರಿಯೂ ಬಿಚ್ಚಿ ನೋಡಿಲ್ಲ. ಮಾವ ಅವನಿಗೆ ಸಂಬಳ ಬಾಕಿ ಇಟ್ಟಿದ್ದೂ ನಿಜ. ನಮ್ಮವನು ಮಾಲೀಕನಾದ ಕೂಡಲೆ ಮಾಲೀಕನ ಲೆಕ್ಕ ತಾನಾಗಿ ತಲೆಗೆ ಬರುತ್ತದೆ, ಅದನ್ನೂ ಬರೆಯದಿದ್ದರೆ ಈ ಬರಹ ಗಟ್ಟಿ ಆಯಿಲ್ ಆಗುತ್ತದೆ.

ಕೊನೆಗೆ ಬೋರ್ ಮಾಡಿಸಿದ. ಕ್ರ್ಯಾಂಕನ್ನು ಕೊನೇ ಸೈಜಿಗೆ ಮಸೆಸಿದರು. ಅತ್ತೆಯ ಕಿವಿಯೋಲೆ ಗಿರವಿಗೆ ಹೋಯಿತು. ಬಿಲ್ಲಿನ ಮೇಲೆ 'ಕ್ರ್ಯಾಂಕ್ ಕೊನೇ ಸೈಜು, ಇನ್ನು ಆಗಲ್ಲ' ಅಂತ ಮೇಸ್ತ್ರಿ ಕೈಯಲ್ಲಿ ಬರೆಸಿ, ಮಾವ ಅದನ್ನು ಆರ್.ಸಿ. ಇಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟ. ಹುಡುಗನ ಬಾಕಿ ಎರಡು ಕಂತಿನಲ್ಲಿ ತೀರಿತು.

2023ರಲ್ಲಿ ಗಾಡಿ ಮಾರುವಾಗ ಆ ಬಿಲ್ಲನ್ನು ತೋರಿಸಿದ. ಕೊಳ್ಳಲು ಬಂದವನು ಓದಿ, ತಲೆ ಆಡಿಸಿ, ನಲವತ್ತು ಸಾವಿರ ಇಳಿಸಿದ. ಅತ್ತೆ ಇವತ್ತಿಗೂ ಬೈಯುತ್ತಾಳೆ. "ಖರೇ ಹೇಳಿದ್ದಕ್ಕ ನಲವತ್ತು ಸಾವಿರ ದಂಡ. ಅದನ್ನ ಯಾರು ಕಟ್ಟಿಕೊಡ್ತಾರ?" ಅಂತ ನನ್ನ ಮುಖ ನೋಡುತ್ತಾಳೆ. ಮಗಳ ನರ್ಸಿಂಗ್ ಫೀಸಿಗೆ ಇಟ್ಟುಕೊಂಡಿದ್ದ ದುಡ್ಡು ಅದು. ಅರ್ಧ ನಾನು ಕೊಟ್ಟೆ. ಇನ್ನರ್ಧಕ್ಕೆ ಮಾವ ಮತ್ತೆ ಬೇರೆಯವರ ಗಾಡಿಗೆ ಡ್ರೈವರಾಗಿ ಹೋದ.