ಹವ್ಯಾಸಿಯ ಪಾಲು

ಹೋದ ಯುಗಾದಿಗೆ ಹಿರೇನಲ್ಲೂರಿಗೆ ಹೋದಾಗ ಭಾವ ಒಂದು ಕಾಗದ ಇಟ್ಟುಕೊಂಡು ನನಗಾಗಿ ಕಾದಿದ್ದರು. ಅಪ್ಪ ತೀರಿಕೊಂಡ ಮೇಲೆ ನಮ್ಮ ತೆಂಗಿನ ತೋಟ ಅಣ್ಣ, ಅಕ್ಕ, ನಾನು ಮೂವರ ಜಂಟಿ ಖಾತೆಯಲ್ಲಿದೆ. ಅಕ್ಕನ ಪಾಲಿಗೆ ಬರುವ ಎರಡು ಎಕರೆ ಮಾರಬೇಕಾದರೆ ನಮ್ಮಿಬ್ಬರ ಸಹಿಯೂ ಬೇಕು. ಅಣ್ಣ ಆಗಲೇ ಹಾಕಿದ್ದ. ಯಾಕೆ ಮಾರುತ್ತಿದ್ದೀರಿ ಎಂದು ಕೇಳಿದೆ. ಮಗನ ಓದು, ಸೈಟು, ಆಸ್ಪತ್ರೆ, ಏನೋ ಒಂದು ಇರಬಹುದು ಅಂದುಕೊಂಡಿದ್ದೆ.

‘ಗಾಲ್ಫ್‌ಗೆ’ ಅಂದರು ಭಾವ.

ನಗಬೇಕೋ ಬೇಡವೋ ತಿಳಿಯದೆ ಹೋಳಿಗೆ ಮುರಿಯುತ್ತ ಕೂತೆ. ಭಾವನಿಗೆ ಈಗ ನಲವತ್ತೆಂಟು. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದು ಸ್ವಯಂ ನಿವೃತ್ತಿ ತಗೊಂಡವರು. ಗಾಲ್ಫ್ ಕೋಲು ಹಿಡಿದದ್ದು ಮೂವತ್ತೊಂಬತ್ತಕ್ಕೆ, ಅದೂ ಹೊರದೇಶದ ಗಿರಾಕಿಗಳ ಜೊತೆ ಹೋಗಬೇಕಾಗಿ ಬಂದದ್ದರಿಂದ. ಬೇರೆ ಆಟಗಳಲ್ಲಿ ಐವತ್ತು ಅಂದರೆ ಕಾಮೆಂಟರಿ ಹೇಳುವ ವಯಸ್ಸು. ಗಾಲ್ಫಿನಲ್ಲಿ ಐವತ್ತಕ್ಕೆ ಒಂದು ಹೊಸ ಬಾಗಿಲು ತೆರೆಯುತ್ತದೆ. ಅಮೆರಿಕದಲ್ಲಿ ಪಿಜಿಎ ಟೂರ್ ಚಾಂಪಿಯನ್ಸ್, ಯುರೋಪಿನಲ್ಲಿ ಲೆಜೆಂಡ್ಸ್ ಟೂರ್ ಎಂಬ ಸರಣಿಗಳಿವೆ. ಐವತ್ತು ತುಂಬಿದ ವೃತ್ತಿಪರರು ಅಲ್ಲಿ ಹಣಕ್ಕಾಗಿಯೇ ಆಡುತ್ತಾರೆ. ಎರಡು ವರ್ಷ ಬೇರೆ ಕೆಲಸವಿಲ್ಲದೆ ತಯಾರಿ ನಡೆಸಿ, ಒಳ್ಳೆಯ ಕೋಚ್ ಹಿಡಿದು, ಐವತ್ತು ತುಂಬಿದ ಕೂಡಲೇ ಅರ್ಹತಾ ಪಂದ್ಯಕ್ಕೆ ಹೋಗುವುದು ಭಾವನ ಯೋಜನೆ.

‘ಸೋಲ್ತೀರಿ ಅಂತ ಹೇಳಬೇಡ ಕಣಯ್ಯ, ಅದು ನನಗೂ ಗೊತ್ತು’ ಅಂದರು. ‘ನೀನು ಫಿಲಾಸಫಿ ಪಾಠ ಮಾಡೋನು. ಇದು ತಪ್ಪಾ ಅಂತ ಹೇಳು.’

ಇಪ್ಪತ್ತು ವರ್ಷದಿಂದ ನೀತಿಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಸಹಿ ಹಾಕುವ ಪೆನ್ನು ಎದುರಿಗಿಟ್ಟು ಯಾರೂ ನನ್ನನ್ನು ಅಂಥ ಪ್ರಶ್ನೆ ಕೇಳಿರಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ವಾಪಸ್ಸು ಬಂದೆ.

ಮೊದಲು ಲೆಕ್ಕ ಹಾಕಿದೆ. ಲೆಕ್ಕ ಕಷ್ಟದ್ದಲ್ಲ. ಸಾಮಾನ್ಯವಾಗಿ ಹದಿನೆಂಟು ಕುಳಿಗಳ ಮೈದಾನವನ್ನು ಬಲ್ಲವನೊಬ್ಬ 72 ಹೊಡೆತಗಳಲ್ಲಿ ಮುಗಿಸಬೇಕು. ಅದಕ್ಕೆ ಪಾರ್ ಎನ್ನುತ್ತಾರೆ. ತನ್ನ ಒಳ್ಳೆಯ ದಿನಗಳಲ್ಲಿ ಒಬ್ಬ ಅದಕ್ಕಿಂತ ಸುಮಾರು ಎಷ್ಟು ಹೊಡೆತ ಹೆಚ್ಚು ತಗೊಳ್ಳುತ್ತಾನೋ ಅದು ಅವನ ಹ್ಯಾಂಡಿಕ್ಯಾಪ್. ಭಾವನದು ಆರು. ಅಂದರೆ ಎಲ್ಲ ಸರಿಹೋದ ದಿನ 78. ಕ್ಲಬ್ಬಿನಲ್ಲಿ ಇದು ದೊಡ್ಡ ಮರ್ಯಾದೆಯ ಅಂಕಿ, ಜೀವಮಾನವೆಲ್ಲ ಆಡಿದರೂ ಬಹುತೇಕರು ಮುಟ್ಟದ್ದು. ಆದರೆ ಹಿರಿಯರ ಸರಣಿಯಲ್ಲಿ ಗೆಲ್ಲುವವರು ಇನ್ನೂ ಕಷ್ಟದ ಮೈದಾನದಲ್ಲಿ, ಕೈ ನಡುಗುವ ಒತ್ತಡದಲ್ಲಿ, ದಿನಕ್ಕೆ 70ಕ್ಕಿಂತ ಕಡಿಮೆಯಲ್ಲಿ ಮುಗಿಸುತ್ತಾರೆ. ದಿನಕ್ಕೆ ಹತ್ತು ಹೊಡೆತ ವ್ಯತ್ಯಾಸವೆಂದರೆ ಮೂರು ದಿನದ ಪಂದ್ಯಕ್ಕೆ ಮೂವತ್ತು. ಅಮೆರಿಕದ ಅರ್ಹತಾ ಪಂದ್ಯದ ಕೊನೆಯ ಹಂತದಲ್ಲಿ ಪೂರ್ತಿ ಅವಕಾಶ ಸಿಗುವುದು ಮೊದಲ ಐವರಿಗೆ ಮಾತ್ರ. ಇಪ್ಪತ್ತರಿಂದ ಆರಕ್ಕೆ ಇಳಿಯಲು ಭಾವನಿಗೆ ಒಂಬತ್ತು ವರ್ಷ ಬೇಕಾಯಿತು. ಆರರಿಂದ ಸೊನ್ನೆಗೆ ಇಳಿಯುವುದು ಅದಕ್ಕಿಂತ ಕಡಿದಾದ ದಾರಿ. ಸೊನ್ನೆ ಮುಟ್ಟಿದವನೂ ವೃತ್ತಿಪರರ ನಡುವೆ ಹಿಂದೆ ಬೀಳುತ್ತಾನೆ.

ಅಲ್ಲಿ ಆಡುವವರು ಐವತ್ತಕ್ಕೆ ಶುರು ಮಾಡಿದವರಲ್ಲ, ಐವತ್ತಕ್ಕೂ ಬಿಡದವರು. ಜರ್ಮನಿಯ ಬರ್ನ್‌ಹಾರ್ಡ್ ಲಾಂಗರ್ 2023ರಲ್ಲಿ, ತಮ್ಮ ಅರವತ್ತೈದನೆಯ ವಯಸ್ಸಿನಲ್ಲಿ, ಯು.ಎಸ್. ಸೀನಿಯರ್ ಓಪನ್ ಗೆದ್ದು ಹಿರಿಯರ ಸರಣಿಯಲ್ಲಿ 46ನೆಯ ಗೆಲುವು ದಾಖಲಿಸಿದರು. ಪತ್ರಿಕೆ ಓದಿದವರು ಅರವತ್ತೈದು ಎಂಬ ಅಂಕಿ ನೋಡಿ ಹುರುಪುಗೊಂಡರು. ಆ ಮನುಷ್ಯ ಒಂಬತ್ತನೆಯ ವಯಸ್ಸಿಗೆ ಕ್ಯಾಡಿಯಾಗಿ ಬೇರೆಯವರ ಚೀಲ ಹೊತ್ತವನು, ಹದಿಹರೆಯದಲ್ಲೇ ವೃತ್ತಿಪರನಾದವನು ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ.

ಭಾವ ನನಗೆ ಕೊಟ್ಟ ಉದಾಹರಣೆ ಬೇರೆ: ಜೇ ಸೀಗಲ್. ಫಿಲಡೆಲ್ಫಿಯಾ ಕಡೆಯ ವಿಮಾ ವ್ಯಾಪಾರಿ. ಐವತ್ತರವರೆಗೆ ಹವ್ಯಾಸಿಯಾಗಿಯೇ ಉಳಿದು, 1993ರ ಕೊನೆಗೆ ವೃತ್ತಿಪರನಾಗಿ, ಹಿರಿಯರ ಸರಣಿಯಲ್ಲಿ ಎಂಟು ಪಂದ್ಯ ಗೆದ್ದವರು. ‘ನೋಡು, ಆಗಿದೆಯಲ್ಲ’ ಅಂದಿದ್ದರು ಭಾವ. ಆಗಿದೆ, ನಿಜ. ಆದರೆ ಸೀಗಲ್ 1982 ಮತ್ತು 1983ರಲ್ಲಿ ಸತತವಾಗಿ ಅಮೆರಿಕದ ರಾಷ್ಟ್ರೀಯ ಹವ್ಯಾಸಿ ಚಾಂಪಿಯನ್. ಕಾಲೇಜಿನಲ್ಲಿದ್ದಾಗ ಗಾಜಿನ ಬಾಗಿಲಿಗೆ ಕೈ ಹೊಕ್ಕು ಎಡಗೈಗೆ ಆದ ಗಾಯ ಅವರನ್ನು ವೃತ್ತಿಯಿಂದ ದೂರ ಇಟ್ಟಿತ್ತು. ಅವರಲ್ಲಿ ಇಲ್ಲದಿದ್ದದ್ದು ಸಂಬಳ, ಆಟವಲ್ಲ.

ಹವ್ಯಾಸಿ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಅರ್ಥ ತುಂಬಿದ್ದೇವೆ. ಹಣ ತಗೊಳ್ಳದವನು ಎಂಬುದು ಒಂದು. ಅಷ್ಟೇನೂ ಪಳಗದವನು ಎಂಬುದು ಇನ್ನೊಂದು. ಸೀಗಲ್ ಮೊದಲನೆಯ ಅರ್ಥದಲ್ಲಿ ಹವ್ಯಾಸಿ, ಭಾವ ಎರಡನೆಯ ಅರ್ಥದಲ್ಲಿ. ಸಾಹಿತ್ಯ, ನಾಟಕದ ಓದುಗರಿಗೆ ಈ ಗೊಂದಲ ಹೊಸದಲ್ಲ. ಗುಬ್ಬಿ ವೀರಣ್ಣನವರ ಕಂಪನಿಯಂಥ ಕಡೆ ಹೊಟ್ಟೆಪಾಡಿಗೆ ಬಣ್ಣ ಹಚ್ಚಿದವರನ್ನು ‘ನಾಟಕದವರು’ ಎಂದು ಒಂದು ಮೆಟ್ಟಿಲು ಕೆಳಗಿಟ್ಟು, ಕೈಲಾಸಂ ನಾಟಕ ಆಡಿದ ಓದಿದ ಹವ್ಯಾಸಿಗಳನ್ನು ಮೇಲಿನ ಕುರ್ಚಿಯಲ್ಲಿ ಕೂರಿಸಿದ್ದೂ ಇದೆ. ಯಕ್ಷಗಾನದಲ್ಲಿ ಇದು ತಿರುಗುಮುರುಗು: ಮೇಳದ ಕಲಾವಿದನ ಎದುರು ಹವ್ಯಾಸಿ ಕೊಂಚ ಕುಗ್ಗಿಯೇ ನಿಲ್ಲುತ್ತಾನೆ. ಗಾಲ್ಫಿನಲ್ಲಿ ವೃತ್ತಿಪರ ಎಂದರೆ ಕೆಲಸದವನು ಎಂದು ಅರ್ಥವಿದ್ದ ಕಾಲವೊಂದಿತ್ತು. 1920ರಲ್ಲಿ ಇಂಗ್ಲೆಂಡಿನ ಡೀಲ್ ಎಂಬಲ್ಲಿ ಓಪನ್ ಪಂದ್ಯ ನಡೆದಾಗ ವೃತ್ತಿಪರರಿಗೆ ಕ್ಲಬ್‌ಹೌಸಿನೊಳಗೆ ಪ್ರವೇಶವಿರಲಿಲ್ಲ. ಅಮೆರಿಕದ ವಾಲ್ಟರ್ ಹೇಗನ್ ಒಂದು ದುಬಾರಿ ಕಾರು ಬಾಡಿಗೆಗೆ ತಂದು, ಕ್ಲಬ್ಬಿನ ಮುಂಬಾಗಿಲಿನೆದುರೇ ನಿಲ್ಲಿಸಿ, ಅದರೊಳಗೇ ಬಟ್ಟೆ ಬದಲಾಯಿಸಿದರು. ನನಗೆ ಈ ಕಥೆ ಬಹಳ ಇಷ್ಟ.

ನಮ್ಮಲ್ಲೂ ಹಾಗೇ. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ನಮ್ಮ ಜಿಲ್ಲೆಯ ಮಲೆನಾಡಿನ ಕಡೆ ಕಾಫಿ ಪ್ಲಾಂಟರುಗಳೂ ಗಾಲ್ಫ್ ಆಡುತ್ತಾರೆ. ಬಯಲುಸೀಮೆಯ ನಮಗೆ ಆ ಹಸಿರು ಇನ್ನೊಬ್ಬರ ಮನೆಯ ಜಮಖಾನೆ ಇದ್ದಂತೆ. ಭಾವನ ಕ್ಲಬ್ಬಿಗೆ ಒಮ್ಮೆ ಹೋಗಿದ್ದ ಅಪ್ಪ ಆ ಹುಲ್ಲು ನೋಡಿ, ‘ಅಜ್ಜಂಪುರದ ಅಮೃತಮಹಲ್ ಕಾವಲಲ್ಲೂ ಇಷ್ಟು ಹುಲ್ಲಿಲ್ಲ, ಇಲ್ಲಿ ಯಾವ ದನ ಮೇಯುತ್ತೆ?’ ಎಂದು ಕೇಳಿದ್ದರು. ಮೈದಾನದ ಸದಸ್ಯರು ಹವ್ಯಾಸಿಗಳಾಗಿ ಉಳಿದರು. ಅವರ ಚೀಲ ಹೊತ್ತವರಲ್ಲಿ ಕೆಲವರು ವೃತ್ತಿಪರರಾದರು. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಗುರ್ಗಾಂವ್‌ನಲ್ಲಿ, ಕೊರಿಯಾದ ಆಟಗಾರನನ್ನು ಪ್ಲೇ ಆಫ್‌ನಲ್ಲಿ ಸೋಲಿಸಿ, ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ಈಗಲ್ಟನ್ ಮೈದಾನದಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ಹಳ್ಳಿಯ ಹುಡುಗ. ಇತ್ತ, ಅನುಕೂಲವಿದ್ದ ಮನೆಯ ಅದಿತಿ ಅಶೋಕ್ ಆರು ತುಂಬುವ ಮೊದಲೇ ಆಟ ಶುರು ಮಾಡಿದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು, ಒಂದು ಹೊಡೆತ ಕಡಿಮೆಯಾಗಿದ್ದರೆ ಪದಕದ ಲೆಕ್ಕಕ್ಕೆ ಬರುತ್ತಿದ್ದರು. ಇವರಲ್ಲಿ ಯಾರಿಗೂ ‘ನನಗೆ ಅವಕಾಶವಿದೆಯೇ’ ಎಂದು ಭಾವ ಕೇಳಿದ ಹಾಗೆ ಕೇಳಲು ಪುರುಸೊತ್ತು ಇದ್ದಿರಲಾರದು.

ಹಾಗಾದರೆ ಇದು ತಪ್ಪೇ? ಅವಕಾಶ ಕಡಿಮೆ ಎಂದ ಮಾತ್ರಕ್ಕೆ ಕೆಲಸ ತಪ್ಪಾಗುವುದಿಲ್ಲ. ಫಲದ ಆಸೆ ಬಿಟ್ಟು ಕರ್ಮ ಮಾಡು ಎಂಬ ಗೀತೆಯ ಮಾತನ್ನು ಭಾವನೂ ಎತ್ತಿದರು. ಎಲ್ಲರೂ ಎತ್ತುತ್ತಾರೆ. ಆದರೆ ಪೈಪೋಟಿ ಎಂಬುದೇ ಫಲದ ವ್ಯವಹಾರ. ಅರ್ಹತಾ ಪಂದ್ಯಕ್ಕೆ ಹೆಸರು ಕೊಟ್ಟು ಫಲ ಬೇಡ ಎನ್ನುವವನು ಆಟದ ಜೊತೆಗೂ ಗೀತೆಯ ಜೊತೆಗೂ ಪ್ರಾಮಾಣಿಕನಲ್ಲ. ಫಲ ಬೇಡದಿದ್ದರೆ ಆರರ ಹ್ಯಾಂಡಿಕ್ಯಾಪಿನಲ್ಲೇ ಖುಷಿಯಾಗಿರಬಹುದಲ್ಲ, ಎರಡು ಎಕರೆ ಯಾಕೆ ಬೇಕು?

ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ 1976ರಲ್ಲಿ ನೈತಿಕ ಅದೃಷ್ಟದ ಬಗ್ಗೆ ಒಂದು ಲೇಖನ ಬರೆದರು. ಚಿತ್ರಕಾರ ಗೊಗ್ಯಾನ್‌ನನ್ನು ಹೋಲುವ ಒಬ್ಬ ಮನುಷ್ಯ ಹೆಂಡತಿ ಮಕ್ಕಳನ್ನು ಬಿಟ್ಟು ಚಿತ್ರ ಬರೆಯಲು ದೂರದ ದ್ವೀಪಕ್ಕೆ ಹೊರಡುತ್ತಾನೆ. ಅವನು ಮಾಡಿದ್ದು ಸರಿಯೇ? ಹೊರಡುವ ದಿನ ಯಾರೂ ಹೇಳಲಾರರು, ಅವನೂ ಹೇಳಲಾರ, ಎನ್ನುತ್ತಾರೆ ವಿಲಿಯಮ್ಸ್. ಅವನಿಗೆ ಸಮರ್ಥನೆ ಸಿಕ್ಕರೆ ಅದು ಗೆಲುವಿನಿಂದ ಮಾತ್ರ ಸಿಗುತ್ತದೆ. ಸಿಕ್ಕರೂ, ಬಿಟ್ಟುಬಂದವರು ಅದನ್ನು ಒಪ್ಪಬೇಕಾಗಿಲ್ಲ. ಸೋಲಿನಲ್ಲೂ ಅವರು ಎರಡು ಬಗೆ ಕಾಣುತ್ತಾರೆ. ದಾರಿಯಲ್ಲಿ ಕೈ ಮುರಿದುಕೊಂಡರೆ ಅವನ ಎಣಿಕೆ ಸುಳ್ಳಾಯಿತು ಎನ್ನುವಂತಿಲ್ಲ, ಪ್ರಶ್ನೆ ಉತ್ತರವಿಲ್ಲದೆ ಉಳಿಯಿತು, ಅಷ್ಟೆ. ದ್ವೀಪ ತಲುಪಿ, ಕುಂಚ ಹಿಡಿದು, ತನ್ನಲ್ಲಿ ಆ ಕಸುವೇ ಇರಲಿಲ್ಲವೆಂದು ಕಂಡರೆ, ಆಗ ಅವನು ಮಾಡಿದ್ದು ತಪ್ಪು.

ಅಮೆರಿಕದ ಪೋರ್ಟ್‌ಲೆಂಡಿನ ಡ್ಯಾನ್ ಮೆಕ್‌ಲಾಗ್ಲಿನ್ ಎಂಬ ಛಾಯಾಗ್ರಾಹಕ 2010ರಲ್ಲಿ ಕೆಲಸ ಬಿಟ್ಟು, ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿ ವೃತ್ತಿಪರ ಗಾಲ್ಫರ್ ಆಗುತ್ತೇನೆಂದು ಹೊರಟಿದ್ದ. ಆಗ ಅವನಿಗೆ ಮೂವತ್ತು. ಹ್ಯಾಂಡಿಕ್ಯಾಪ್ 2.6ರವರೆಗೆ ಇಳಿಯಿತು, ಆರು ಸಾವಿರ ಗಂಟೆ ದಾಟಿದ ಮೇಲೆ ಬೆನ್ನು ಕೈಕೊಟ್ಟಿತು. ಅದು ಯಾವ ಬಗೆಯ ಸೋಲು? ಬೆನ್ನು ಚೆನ್ನಾಗಿದ್ದರೆ ಆಗುತ್ತಿತ್ತೇ? ಗೊತ್ತಾಗುವ ದಾರಿಯೇ ಇಲ್ಲ. ಐವತ್ತರ ದೇಹದಲ್ಲಿ ಕೈ ಮುರಿಯುವುದಕ್ಕೂ ಕಸುವು ಇಲ್ಲದಿರುವುದಕ್ಕೂ ನಡುವಿನ ಗೆರೆ ಇನ್ನೂ ಮಸುಕು. ಭಾವ ಸೋತರೆ ತಾವು ಯಾಕೆ ಸೋತೆವೆಂದೂ ಅವರಿಗೆ ತಿಳಿಯದೆ ಹೋಗಬಹುದು. ನನಗೆ ಹೆದರಿಕೆ ಹುಟ್ಟಿಸಿದ್ದು ಇದು, ಸೋಲಲ್ಲ.

ಮತ್ತೆ ಊರಿಗೆ ಹೋದದ್ದು ಆಷಾಢದಲ್ಲಿ. ತೋಟದಲ್ಲಿ ನಡೆಯುತ್ತ ಇದನ್ನೆಲ್ಲ ಭಾವನಿಗೆ ಹೇಳಿದೆ. ಬರದ ವರ್ಷಗಳಲ್ಲಿ ಬೋರು ಬತ್ತಿ ಸುಳಿ ಒಣಗಿದ ಮರಗಳ ಜಾಗದಲ್ಲಿ ಅಪ್ಪ ಅರವತ್ತೆಂಟನೆಯ ವಯಸ್ಸಿನಲ್ಲಿ ಹೊಸ ಸಸಿ ನೆಟ್ಟಿದ್ದರು. ‘ಇದರ ಕಾಯಿ ನೀವು ತಿಂತೀರಾ ಗೌಡ್ರೇ?’ ಎಂದು ನೋಡಿದವರು ನಕ್ಕಿದ್ದರು. ನಮ್ಮ ಕಡೆಯ ಎತ್ತರದ ತಳಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಮೊದಲ ಗೊನೆ ಬಿಡುವ ಹೊತ್ತಿಗೆ ಅಪ್ಪ ಇರಲಿಲ್ಲ. ನಾನು ಹೇಳಿದೆ: ‘ಅಪ್ಪನದೂ ವಯಸ್ಸು ಮೀರಿದ ಆಸೆಯೇ ಭಾವ. ಆದರೆ ಸಸಿ ಮಕ್ಕಳಿಗೆ ಉಳೀತು. ಹ್ಯಾಂಡಿಕ್ಯಾಪ್ ಯಾರಿಗೂ ಉಳಿಯಲ್ಲ.’

ಭಾವ ಒಂದು ಸಸಿಯ ಬುಡದ ಗರಿ ಸರಿಸಿದರು. ‘ಮಕ್ಕಳಿಗೆ ಅಂತ ನೆಟ್ಟರು ಅಂತ ನೀನು ಹೇಳ್ತೀಯ. ನಾನು ಆವತ್ತು ಅವರ ಜೊತೇಲಿದ್ದೆ. ಗುಂಡಿ ತೋಡೋದು ಅಂದರೆ ಅವರಿಗೆ ಇಷ್ಟ ಇತ್ತು, ಅಷ್ಟೇ ಕಣಯ್ಯ.’

ನನ್ನ ಹತ್ತಿರ ಉತ್ತರವಿರಲಿಲ್ಲ. ಆಗ ಹೊಳೆದದ್ದು, ನಾವಿಬ್ಬರೂ ಮೂರು ತಿಂಗಳಿಂದ ವಾದ ಮಾಡುತ್ತಿರುವುದು ಅಕ್ಕನ ಪಾಲಿನ ಮೇಲೆ ನಿಂತು. ಆ ಕಾಗದದಲ್ಲಿ ಅಕ್ಕನ ಸಹಿ ಎಲ್ಲಕ್ಕಿಂತ ಮೊದಲೇ ಇತ್ತು. ಯಾವತ್ತು, ಹೇಗೆ ಹಾಕಿದಳು ಎಂದು ನಾನು ಕೇಳಿರಲೇ ಇಲ್ಲ. ವಿಲಿಯಮ್ಸ್ ಲೇಖನವನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಪ್ರತಿ ಸಲ ಚರ್ಚೆಯೆಲ್ಲ ಹೊರಟವನ ಬಗ್ಗೆ. ಮನೆಯಲ್ಲಿ ಉಳಿದವಳಿಗೆ ತರಗತಿಯಲ್ಲಿ ಐದು ನಿಮಿಷವೂ ಸಿಗುವುದಿಲ್ಲ.

ಅಡುಗೆಮನೆಗೆ ಹೋಗಿ ಕೇಳಿದೆ. ಅಕ್ಕ ಕಾಯಿ ತುರಿಯುತ್ತಿದ್ದಳು. ‘ಹಾಕು ಅಂದರು, ಹಾಕಿದೆ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಮಾರೋದು ಬೇಡ ಅನ್ನಿಸ್ತಿತ್ತು. ಆದರೆ ಅವರು ಬೆಳಿಗ್ಗೆ ಐದಕ್ಕೆ ಎದ್ದು ಶೂ ಹಾಕ್ಕೊಳ್ಳೋದು ನೋಡಿದರೆ ಬೇಡ ಅನ್ನೋಕೂ ಬಾಯಿ ಬರಲ್ಲ. ಆಫೀಸಿಗೆ ಒಂದು ದಿನಾನೂ ಹಂಗೆ ಎದ್ದೋರಲ್ಲ’ ಅಂದಳು.

‘ನಿನ್ನನ್ನ ಕೇಳಿದ್ದರೆ ಏನು ಹೇಳ್ತಿದ್ದೆ?’

‘ಎರಡು ವರ್ಷದ ಫಸಲು ತಗೊಳ್ಳಿ, ಮರ ಬಿಡಿ ಅಂತಿದ್ದೆ.’

ಕೊನೆಗೆ ಆದದ್ದು ಅದೇ. ಆ ಕಾಗದ ಹರಿದೆವು. ಅಕ್ಕ ತನ್ನ ಭಾಗದ ಫಸಲನ್ನು ತಾನೇ ಕೂತು ಮಾತಾಡಿ ಎರಡು ವರ್ಷಕ್ಕೆ ಗುತ್ತಿಗೆ ಕೊಟ್ಟಳು. ಅರ್ಧ ಹಣ ಈಗ, ಉಳಿದದ್ದು ಕೊಬ್ಬರಿ ರೇಟು ನೋಡಿಕೊಂಡು. ಹೊರದೇಶದ ಕೋಚ್ ಅಷ್ಟಕ್ಕೆ ಬರುವುದಿಲ್ಲ. ಭಾವ ಬೆಂಗಳೂರಿನಲ್ಲೇ, ಹಿಂದೆ ಕ್ಯಾಡಿಯಾಗಿದ್ದವರೊಬ್ಬರ ಹತ್ತಿರ ಕಲಿಯುತ್ತಿದ್ದಾರೆ. ಮೊದಲ ತಿಂಗಳು ಅವರು ಕೋಲು ಬೀಸಲು ಬಿಡಲೇ ಇಲ್ಲವಂತೆ, ಬರೀ ನಿಲ್ಲುವುದು ಹೇಗೆಂದು ಹೇಳಿಕೊಟ್ಟರಂತೆ.

ಈಗ ಭಾವ ಫೋನ್ ಮಾಡಿದರೆ ಮೊದಲು ಕೇಳುವುದು ತಿಪಟೂರಿನ ಕೊಬ್ಬರಿ ರೇಟು. ಆಮೇಲೆ ಸ್ಕೋರು. ಹೋದ ಭಾನುವಾರ 77.