ಕರೆಂಟು ಮತ್ತು ಕೃಪೆ

ಪೀಣ್ಯ ಎರಡನೇ ಹಂತದ ನನ್ನ ಶೆಡ್ಡಿನಲ್ಲಿ ದಿನವಿಡೀ ಮೋಟಾರ್ ರಿವೈಂಡಿಂಗ್. ಸುಟ್ಟು ಕರಕಲಾದ ಸುರುಳಿ ಕಿತ್ತು, ಎನಾಮೆಲ್ ಹಚ್ಚಿದ ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸುತ್ತೇವೆ. ಕೆಲಸಕ್ಕೆ ಸೇರಿದ ಹೊಸ ಹುಡುಗರು ಕೇಳುತ್ತಾರೆ: "ಅಣ್ಣಾ, ಕರೆಂಟ್ ಎಲ್ಲಿಂದ ಬರುತ್ತೆ?"

ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೆ ಬಂತು ಅನ್ನುತ್ತೇವೆ. ಆದರೆ ಅಲ್ಲಿಂದ ಎಲೆಕ್ಟ್ರಾನುಗಳು ಹೊರಟು ಇಲ್ಲಿಗೆ ಬಂದದ್ದಲ್ಲ. ತಾಮ್ರದೊಳಗೆ ಅವು ಮೊದಲೇ ಇವೆ. ನಮ್ಮ ಎಸಿ ಲೈನಿನಲ್ಲಿ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತುಯ್ದಾಡುತ್ತವೆ, ಅದೂ ಒಂದು ಕೂದಲಿನ ದಪ್ಪಕ್ಕಿಂತ ಕಡಿಮೆ ದೂರ. ದೂರದಿಂದ ಬರುವುದು ಶಕ್ತಿ ಮಾತ್ರ, ತಂತಿಯ ಸುತ್ತಲಿನ ವಿದ್ಯುತ್ಕಾಂತ ಕ್ಷೇತ್ರದ ಮೂಲಕ.

ಕರೆಂಟಿನ ಹಾಗೆ ದೇವರ ಕೃಪೆಯ ಬಗ್ಗೆಯೂ ಕೇಳಬಹುದು: ಅದು ಹೊರಗಿನಿಂದ ಬಂದು ತುಂಬುತ್ತದೋ, ಒಳಗಿದ್ದದ್ದೇ ಎಚ್ಚರಗೊಳ್ಳುತ್ತದೋ? ಈ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಉತ್ತರಕ್ಕೆ ನನ್ನ ಕೆಲಸದ ವಸ್ತುಗಳನ್ನೇ ನೋಡುತ್ತೇನೆ. ಪಿಂಗಾಣಿಯೊಳಗೆ ಸಡಿಲವಾದ ಎಲೆಕ್ಟ್ರಾನುಗಳಿಲ್ಲ, 440 ವೋಲ್ಟ್ ಕೊಟ್ಟರೂ ಅದು ಅಲುಗದು. ತಾಮ್ರದಲ್ಲಿ ಬೇಕಾದಷ್ಟಿವೆ, ಆದರೆ ಲೈನ್ ಕೊಡದೆ ಮೋಟಾರ್ ತಿರುಗದು. ಮನುಷ್ಯನಿಗೂ ಒಳಗಿನ ಸಿದ್ಧತೆ, ಹೊರಗಿನ ಒತ್ತಾಸೆ ಎರಡೂ ಬೇಕು. ಒಂದೇ ಸಾಕೆನ್ನುವ ಯಾವ ವಾದವೂ ನನಗೆ ಒಪ್ಪಿಗೆಯಿಲ್ಲ.